ಸಾರಿಗಾಗಿ ಹೋಳಿಗೆ

ಈ ವರ್ಷದ ಶ್ರಾವಣ ಮಾಸದ ಎರಡನೆಯ ಶುಕ್ರವಾರ, ಮುಂಜಾನೆ ಒಂಬತ್ತಕ್ಕೆ ಸರಿಯಾಗಿ, ಹೋಳಿಗೆಯ ನಿಜವಾದ ಉದ್ದೇಶ ಕಟ್ಟಿನ ಸಾರು ಎಂದು ನಮ್ಮ ಭಾವನವರು ಘೋಷಿಸಿದರು. (ನಾನು ಸಂಶೋಧಕ; ಆಧಾರವಿಲ್ಲದೆ ಬರೆಯುವವನಲ್ಲ. ಮಾಸ ಮತ್ತು ವಾರಕ್ಕೆ ಆಧಾರ: ಅವರದೇ ಅಡುಗೆಮನೆಯ ಗೋಡೆಯ ಪಂಚಾಂಗ. ಗಂಟೆಗೆ ಆಧಾರ: ನನ್ನ ಕೈಗಡಿಯಾರ. ಅದು ತುಸು ಮುಂದೆ ಓಡುವುದನ್ನು ಕಳೆದೇ ಹೇಳುತ್ತಿದ್ದೇನೆ.) ಲೋಕವೆಲ್ಲ ಹೋಳಿಗೆಗೆಂದು ಬೇಳೆ ಬೇಯಿಸಿ, ಬಸಿದ ಕಟ್ಟು ಚೆಲ್ಲಬಾರದೆಂದು ಸಾರು ಮಾಡುತ್ತದೆ. ಸಾರಿನ ಸಲುವಾಗಿ ಹೋಳಿಗೆ ಮಾಡಿಸುವ ಮನುಷ್ಯನನ್ನು ನೀವು ಎಲ್ಲಿಯಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ. ಹುಬ್ಬಳ್ಳಿಯ ವಿದ್ಯಾನಗರದಲ್ಲಿದ್ದಾರೆ, ನನ್ನ ಅಕ್ಕನ ಗಂಡ!

ಭಾವನವರು ರೈಲ್ವೆಯಲ್ಲಿ ಗಾಡಿಗಳ ವೇಳಾಪಟ್ಟಿ ಹೊಂದಿಸುವ ಕೆಲಸದಲ್ಲಿದ್ದು ನಿವೃತ್ತರಾದವರು. ನಿವೃತ್ತಿ ಕಚೇರಿಯಿಂದ ಮಾತ್ರ, ವೇಳಾಪಟ್ಟಿಯಿಂದಲ್ಲ. ಕಳೆದ ವರ್ಷ ಅಕ್ಕ ಜ್ವರ ಬಂದು ಸತ್ತೂರಿನ ಆಸ್ಪತ್ರೆಯೊಂದರಲ್ಲಿ ಕೆಲವು ದಿನ ಮಲಗಿದ್ದಳು. ಬಿಡುಗಡೆ ಮಾಡುವಾಗ ಡಾಕ್ಟರರು, "ಔಷಧ ಸಾಕು. ಇನ್ನ ಹೊಟ್ಟಿ ತುಂಬ ಛಲೋ ಊಟ ಆಗಬೇಕ್ರಿ. ಇಲ್ಲಾಂದ್ರ ಮತ್ತ ಇಲ್ಲೇ ಬರತೀರಿ" ಎಂದು ಎಚ್ಚರಿಸಿದ್ದರು. ಅದೇ ವಾರ ಭಾವ ಅಡುಗೆಮನೆಯ ಆಡಳಿತವನ್ನು ವಹಿಸಿಕೊಂಡರು. ಅಡುಗೆ ಅಕ್ಕನದು, ಯೋಜನೆ ಭಾವನದು. ಧ್ಯೇಯವಾಕ್ಯ: "ಊಟ ಛಲೋ ಆಗಬೇಕು, ರೊಕ್ಕ ಕಡಿಮಿ ಹೋಗಬೇಕು." ಹೆಂಡತಿ ಗಾಳಿಗೆ ಹಾರುವಂತಾಗಿರುವಾಗ ಉಳಿತಾಯದ ಮಾತೇ? ನನಗೆ ಆಗಲೇ ಸಿಟ್ಟು ಬಂದಿತ್ತು.

ಪ್ರತಿ ರವಿವಾರ ಇಡೀ ವಾರದ ಊಟ ನಿರ್ಧಾರವಾಗುತ್ತದೆ. ಇರುವುದು ಒಂದೇ ನಿಯಮ: ಮುಂದಿನ ಗಾಡಿಗೆ ಸಂಪರ್ಕವಿಲ್ಲದೆ ಯಾವ ಪದಾರ್ಥವೂ ಹೊರಡಕೂಡದು. ಮೆಂತ್ಯದ ಎಲೆ ಮಧ್ಯಾಹ್ನ ಪಚಡಿಯಾದರೆ, ಎಳೆಯ ದಂಟು ಸಾಯಂಕಾಲದ ಬೇಳೆಯನ್ನು ಹತ್ತಬೇಕು. ಮಿಕ್ಕ ರೊಟ್ಟಿ ಮರುದಿನ ಬೆಳಿಗ್ಗೆ ಒಗ್ಗರಣೆಯಾಗಿ ಆಗಮಿಸಬೇಕು. ಒಮ್ಮೆ ಬೀಗರು ಹೇಳದೆ ಕೇಳದೆ ಊಟದ ಹೊತ್ತಿಗೆ ಬಂದುಬಿಟ್ಟರು. ಭಾವ ಒಳಗೆ ಧಾವಿಸಿ, "ಸ್ಪೆಷಲ್ ಗಾಡಿ ಬಂದದ! ಚುರುಮರಿ ಕೊಟ್ಟು ಅರ್ಧಾ ತಾಸು ಬಾಜೂಕಿನ ಲೂಪ್ ಲೈನಿನ್ಯಾಗ ನಿಲ್ಲಸು. ಅಷ್ಟರಾಗ ಸಾರಿಗೆ ನೀರು ಹೊಂದಸೋಣು" ಎಂದು ಅಕ್ಕನ ಕಿವಿಯಲ್ಲಿ ಉಸುರಿದರು. ಬೀಗರು ಚುರುಮರಿಯಲ್ಲಿಯೇ ಹೊಟ್ಟೆ ತುಂಬಿಸಿಕೊಂಡು, ಊಟ ಒಲ್ಲೆವೆಂದು ಎದ್ದರು. ಗಾಡಿ ಪ್ಲಾಟ್‌ಫಾರ್ಮಿಗೆ ಬರದೆಯೇ ಹೊರಟುಹೋಯಿತು!

ಕಾಯಿಪಲ್ಲೆ ಕೊಳ್ಳಲು ಅವರು ಹೋಗುವುದು ಸಂತೆ ಮುಗಿಯುವ ಹೊತ್ತಿಗೆ; ಆಗ ಬೆಲೆ ಇಳಿದಿರುತ್ತದೆಂಬುದು ಅವರ ಸಿದ್ಧಾಂತ. ಒಮ್ಮೆ ನಾನೂ ಚೀಲ ಹಿಡಿದು ಹಿಂದೆ ಹೋಗಿದ್ದೆ. ದೂರದಿಂದ ಅವರನ್ನು ಕಂಡದ್ದೇ ತಡ, ಸೊಪ್ಪಿನವಳು ಗಂಟು ಕಟ್ಟತೊಡಗಿದಳು.

"ಯಾಕವಾ, ಇಷ್ಟು ಲಗೂ ಹೊಂಟಿ?" ಎಂದರು ಭಾವ.

"ನೀವು ಬಂದ್ರೆಲ್ರೀ ಯಜಮಾನ್ರ! ನಿಮ್ಮನ್ನ ನೋಡೇ ನಾವು ಹೊತ್ತು ಮುಳುಗೋದು ತಿಳ್ಕೊಳ್ಳೋದು. ಗಡಿಯಾರ ಯಾರ ಹತ್ರ ಐತ್ರಿ ಇಲ್ಲೆ?"

ಇಷ್ಟಾದರೂ ಪ್ರತಿ ಸಲ ಹೋದಾಗ ನನ್ನ ಕಣ್ಣು ಅಕ್ಕನ ಮಣಿಕಟ್ಟಿನ ಮೇಲೆಯೇ. ಬಳೆಗಳು ಮೊಳಕೈವರೆಗೆ ಜಾರುತ್ತಿದ್ದವು. ಆದ್ದರಿಂದ ಆ ಶುಕ್ರವಾರ ನಾನು ಧಾರವಾಡದಿಂದ ಬಸ್ಸು ಹತ್ತಿದ್ದೇ ಭಾವನವರಿಗೆ ನಾಲ್ಕು ಮಾತು ಹೇಳಲೆಂದು.

ಮೊದಲು ನಮ್ಮಿಬ್ಬರ ಊಟವಾಯಿತು. ಬಡಿಸಿದ ಅಕ್ಕ, ತಾನು ಉಣ್ಣುವ ಮೊದಲು ನೆರೆಮನೆಯವರಿಗೆ ಅರಿಷಿಣ ಕುಂಕುಮ ಕೊಟ್ಟು ಬರಲು ಹೋದಳು. ನೀರಿಗೆಂದು ಒಳಗೆ ಹೋದ ನನಗೆ ಡಬ್ಬಿಯೊಂದರಲ್ಲಿ ತುಪ್ಪ ಸುರಿದಿಟ್ಟ ಎರಡು ಹೋಳಿಗೆ ಕಂಡವು. ಒಂದಕ್ಕೆ ಕೈ ಹಾಕಿದೆ.

"ಇಡ್ರಿ ಕೆಳಗ!" ಬಾಗಿಲಲ್ಲಿ ಭಾವ.

"ಒಂದು ಹೋಳಿಗಿಗೂ ಲೆಕ್ಕೇನ್ರೀ ಭಾವಾ? ಹಿಂಗ ಉಳಸಿ ಉಳಸೇ ನಮ್ಮ ಅಕ್ಕನ್ನ ಕಡ್ಡಿ ಮಾಡೀರಿ!"

ಭಾವ ಹೊರಗೊಮ್ಮೆ ಇಣುಕಿ ನೋಡಿ ದನಿ ತಗ್ಗಿಸಿದರು.

"ಸಂಶೋಧಕರ, ಸ್ವಲ್ಪ ಕೇಳ್ರಿ. ನಿಮ್ಮಕ್ಕ ಉಣ್ಣೂದು ಎಲ್ಲಾರದೂ ಆದ ಮ್ಯಾಲೆ. ಹಾಕ್ಕೊಳ್ಳೂದು ಉಳದದ್ದು. ಆಸ್ಪತ್ರಿಯಿಂದ ಬಂದಾಗ ಅಕೀಗಂತ ಹಣ್ಣು ತಂದೆ, ಖಾರೀಕ ತಂದೆ. 'ನನ್ನೊಬ್ಬಾಕಿ ಸಲವಾಗಿ ಯಾಕಿಷ್ಟು' ಅಂತ ನೋಡಾಕ ಬಂದ ಮೊಮ್ಮಕ್ಕಳಿಗೆ ಹಂಚಿದ್ಲು. ಬೈದೆ, ಕೈ ಮುಗದೆ, ನಮ್ಮ ಜೋಡಿ ಕೂಡು ಅಂದೆ. ಕೂಡಲಿಲ್ಲ. ಆದ್ರ ಉಳದದ, ಕೆಡತದ ಅಂದ್ರ ಮಾತ್ರ ಬಿಡಂಗಿಲ್ಲ, ತಿಂತಾಳ. ಅಕಿ ಗಾಡಿ ಕಡೀಕ ಬರತದ್ರಿ. ಅದನ್ನ ಮುಂದ ತರೂದು ನನ್ನ ಕಡೆ ಆಗಲಿಲ್ಲ. ಅದಕ್ಕ ಕಡೀ ಗಾಡಿಯೊಳಗ ಛಲೋದು ತುಂಬಾಕತ್ತೇನಿ. ಸಾರಿನ ನೆವಾನೂ ಅದಕ್ಕ."

ನಾನು ಹೋಳಿಗೆಯನ್ನು ಡಬ್ಬಿಗೆ ಹಿಂತಿರುಗಿಸಿದೆ. ಅಷ್ಟರಲ್ಲಿ ಅಕ್ಕ ಬಂದು ಮುಚ್ಚಳ ತೆಗೆದಳು.

"ಅಯ್ಯ, ಮತ್ತ ಎರಡು ಉಳದಾವ ನೋಡ್ರಿ! ಜೀವಮಾನ ಎಲ್ಲಾ ಗಾಡಿ ಲೆಕ್ಕ ಹಾಕಿದವರಿಗೆ ಮೂರು ಮಂದಿ ಊಟದ ಲೆಕ್ಕ ಬರಂಗಿಲ್ಲ. ಕೇಳಿದೇನೋ ತಮ್ಮಾ?"

ಒಂದು ನಿಮಿಷದ ತಪ್ಪನ್ನೂ ಒಪ್ಪದೆ ಮೇಲಧಿಕಾರಿಗಳೊಡನೆ ಜಗಳಾಡಿದ ಆ ಮನುಷ್ಯ ತಲೆ ಕೆರೆದುಕೊಂಡು ನಿಂತರು.

"ತಪ್ಪೇದ ಖರೇ. ಈಗೇನ್ ಮಾಡೂದು? ಮಳಿಗಾಲ. ನಾಳಿಗೆ ಕೆಟ್ಟ ಹೋಗತಾವ."

"ಕೆಡಸೂದ್ಯಾಕ? ನಾನ ತಿಂತೇನಿ ಬಿಡ್ರಿ" ಎಂದು ಅಕ್ಕ ತಾಟು ಹಾಕಿಕೊಂಡಳು.

ಹೋಳಿಗೆ ಒಂದೇ ದಿನಕ್ಕೆ ಕೆಡುವುದಿಲ್ಲ. ಕಣ್ಣೆದುರಿನ ತಪ್ಪು ಮಾಹಿತಿಯೊಂದನ್ನು ತಿದ್ದದೆ ಬಿಟ್ಟದ್ದು ನನ್ನ ಆಯುಷ್ಯದಲ್ಲಿ ಅದೇ ಮೊದಲಿರಬೇಕು.

ಇದನ್ನು ಬರೆಯುವಾಗ, ನಮ್ಮ ತಂದೆಯ ಮನೆಯಲ್ಲಿ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಿದ್ದೆವು, ಅಕ್ಕ ನನ್ನ ಪಕ್ಕದಲ್ಲಿ ಕೂಡುತ್ತಿದ್ದಳು ಎಂಬ ವಾಕ್ಯವೊಂದನ್ನು ಸೇರಿಸಬೇಕೆಂದಿದ್ದೆ. ಹಾಗೆಂದು ನನಗೆ ಸ್ಪಷ್ಟವಾಗಿ ನೆನಪಿದೆ. ರೂಢಿಯಂತೆ ತಾಳೆ ನೋಡಲು ಹಳೆಯ ಫೋಟೋಗಳನ್ನು ತೆಗೆದೆ. ನನ್ನ ಮುಂಜಿವೆಯ ಊಟ, ದೀಪಾವಳಿಯ ಊಟ, ನಾನು ಪದವಿ ಪಡೆದ ದಿನದ ಊಟ. ಎಲೆಗಳ ಮುಂದೆ ಅಪ್ಪ, ಕಾಕಾ, ನಾನು. ಅಕ್ಕ ಪ್ರತಿಯೊಂದರಲ್ಲಿಯೂ ಇದ್ದಾಳೆ. ಪ್ರತಿಯೊಂದರಲ್ಲಿಯೂ ನಿಂತೇ ಇದ್ದಾಳೆ, ಕೈಯಲ್ಲಿ ಬಡಿಸುವ ಸೌಟು ಹಿಡಿದು.