ಸೊಂಟ ತಂದುಕೊಟ್ಟ ಒಳ್ಳೆಯ ಹೆಸರು

ಒಳ್ಳೆಯ ಹೆಸರು ಗುಣದಿಂದಲೇ ಬರಬೇಕೆಂದೇನಿಲ್ಲ, ಸೊಂಟದಿಂದಲೂ ಬರುತ್ತದೆ. ನನಗೆ ಬಂದದ್ದು ಹಾಗೆ. ಲಕ್ಷ್ಮೇಶ್ವರದ ಬಜಾರಿನಲ್ಲಿ ನಮ್ಮದು ಪಾತ್ರೆ ಅಂಗಡಿ. ಮೊದಲೆಲ್ಲ ಮನೆ ಬಿಟ್ಟರೆ ಅತ್ತಿತ್ತ ನೋಡದೆ ನೇರ ಗಲ್ಲಾದ ಮುಂದೆ ಕೂರುವವನು ನಾನು. ಯಾರಾದರೂ ಕರೆದರೆ ಆಮೇಲೆ ಬರುತ್ತೇನೆ ಎನ್ನುತ್ತಿದ್ದೆ, ಆ ಆಮೇಲೆ ಎಂದೂ ಬರುತ್ತಿರಲಿಲ್ಲ. ಅರವತ್ತು ದಾಟಿದ ಮೇಲೆ ಕಾಲು ತಕರಾರು ತೆಗೆಯಿತು. ಸ್ವಲ್ಪ ನಡೆದರೆ ತೊಡೆಯಿಂದ ಕೆಳಗೆ ಜೋಮು, ಉರಿ. ಎಲ್ಲಾದರೂ ಕೂತು ಮುಂದಕ್ಕೆ ಬಾಗಿದರೆ ಆರಾಮ. ಹೀಗಾಗಿ ದಾರಿಯಲ್ಲಿ ಸಿಕ್ಕ ಅಂಗಡಿ ಕಟ್ಟೆಗಳ ಮೇಲೆಲ್ಲ ಕೂರತೊಡಗಿದೆ.

ನಮ್ಮ ಕಡೆ ಕಟ್ಟೆಯ ಮೇಲೆ ಕೂತವನಿಗೆ ಚಹಾ ಹೇಳಲೇಬೇಕು. ಒಲ್ಲೆ ಎಂದರೆ ಅಂಗಡಿಯವನ ಮುಖ ಸಣ್ಣದಾಗುತ್ತದೆ. ಚಹಾ ಬರುವ ತನಕ ಬಾಯಿ ಮುಚ್ಚಿಕೊಂಡು ಕೂರಲಾದೀತೆ? ಬಳೆ ಅಂಗಡಿಯ ಖಾದರಸಾಬರ ಮಗಳ ಬಾಣಂತನ, ಅವರ ತಮ್ಮನ ಜಗಳ, ಎಲ್ಲವನ್ನೂ ವಿಚಾರಿಸಿದೆ. ವಿಚಾರಿಸುತ್ತ ವಿಚಾರಿಸುತ್ತ ಅವರೂ ನಾನೂ ಗೆಳೆಯರೇ ಆಗಿಬಿಟ್ಟೆವು. ನಾನು ಬಾಗಿ ನಡೆಯುವುದನ್ನು ಕಂಡವರು ಅದನ್ನು ವಿನಯವೆಂದುಕೊಂಡರು. ಸಾವಕಾರರು ವಯಸ್ಸಾದ ಹಾಗೆ ಎಷ್ಟು ಮೆತ್ತಗಾದರು ಎಂದು ಬಜಾರೆಲ್ಲ ಮಾತಾಯಿತು. ನಾನು ತಿದ್ದಲು ಹೋಗಲಿಲ್ಲ.

ಮೋಸ ಹೋಗದವಳು ಹೆಂಡತಿಯೊಬ್ಬಳೇ. ಹಿಡಿದುಕೊಂಡು ಹೋಗಿ ಗದಗಿನ ಡಾಕ್ಟರರ ಮುಂದೆ ಕೂರಿಸಿದಳು. ಅವರು ಸ್ಕ್ಯಾನ್ ನೋಡಿ, ಸೊಂಟದ ಹತ್ತಿರ ಬೆನ್ನುಮೂಳೆ ಸವೆದು, ಅಕ್ಕಪಕ್ಕ ಬೆಳೆದು, ನರ ಹೋಗುವ ದಾರಿ ಇಕ್ಕಟ್ಟಾಗಿದೆ ಎಂದರು.

“ನಿಮ್ಮ ಬಜಾರದಾಗ ಅಂಗಡಿಯವರು ಸಾಮಾನು ರಸ್ತೇಕ ಹಚ್ಚಿ ಮಂದಿಗೆ ಹಾದಿ ಇಲ್ಲದಂಗ ಮಾಡ್ಯಾರಲ್ಲ, ಹಂಗ ಆಗೈತಿ. ಅದನ್ನ ತೆಗದು ಜಾಗಾ ಮಾಡ್ತೀವಿ.”

ರಸ್ತೆಗೆ ಜೋಡಿಸಿಟ್ಟ ನಮ್ಮ ಕೊಡಗಳು ನೆನಪಾಗಿ ನಾನು ತಲೆ ತಗ್ಗಿಸಿದೆ. ಹೀಗೇ ಬಿಟ್ಟರೆ ಕಾಲಿನ ಶಕ್ತಿಯೇ ಹೋದೀತು ಎಂದೂ ಹೇಳಿದರು.

ನನಗೆ ನಿಜವಾಗಿ ಹೆದರಿಕೆಯಾಯಿತು. ಕಟ್ಟೆ ಕಟ್ಟೆಯ ಮೇಲೂ ಸಲಹೆ ಸಿಕ್ಕಿತು. ಬೆನ್ನು ಕೊಯ್ಯಿಸಿಕೊಂಡವರು ಹಾಸಿಗೆ ಹಿಡಿಯುತ್ತಾರೆ ಎಂದು ಒಬ್ಬರೆಂದರೆ, ಡೋಣಿ ಎಂಬ ಊರಿನ ಕಡೆ ಯಾರೋ ಎಣ್ಣೆ ಕೊಡುತ್ತಾರೆ ಎಂದು ಇನ್ನೊಬ್ಬರು. ಖಾದರಸಾಬರು ಮಾತ್ರ ಚಹಾ ಮುಗಿಸಿ, ಕಪ್ಪು ಕೆಳಗಿಟ್ಟು ಹೇಳಿದರು:

“ಮಾಡಿಸ್ಕೊಳ್ರಿ ಸಾವಕಾರ್ರ. ನೀವು ನಡಕೊಂತ ಬರೋತನಕ ನಿಮ್ಮ ಜಾಗಾದಾಗ ಯಾರನ್ನೂ ಕುಂಡ್ರಗೊಡಂಗಿಲ್ಲ.”

ನನಗೆ ಕಣ್ಣು ತುಂಬಿತು. ಆ ಮಾತಿನ ಧೈರ್ಯದಲ್ಲೇ ಹೋಗಿ ಬೋರಲು ಮಲಗಿದೆ.

ಆಪರೇಷನ್ ಚೆನ್ನಾಗಿ ಆಯಿತು. ಮರುದಿನವೇ ಹಿಡಿದು ನಡೆಸಿದರು. ಕಾಲಿನ ಉರಿ ಮಾಯ. ಮನೆಯಲ್ಲಿ ಸುಧಾರಿಸಿಕೊಂಡು, ಡಾಕ್ಟರು ಹೂಂ ಎಂದ ಮೇಲೆ ಬಜಾರಿಗೆ ಇಳಿದವನು, ಎಲ್ಲೂ ನಿಲ್ಲದೆ, ಬೆನ್ನು ನೆಟ್ಟಗೆ ಮಾಡಿಕೊಂಡು ಗಲ್ಲಾ ಮುಟ್ಟಿದೆ. ಆ ಖುಷಿಯಲ್ಲಿ ಅಕ್ಕಪಕ್ಕ ನೋಡುವುದೇ ಮರೆತುಹೋಯಿತು. ಸಂಜೆ ಹೆಂಡತಿ ಬಳೆ ತೊಟ್ಟುಕೊಂಡು ಬಂದವಳು, ತಮ್ಮಿಂದ ಏನಾದರೂ ತಪ್ಪಾಯಿತೇ ಎಂದು ಖಾದರಸಾಬರು ಕೇಳಿದರೆಂದು ಹೇಳಿದಳು. ಕಟ್ಟೆಯ ತುದಿಯಲ್ಲಿ ಅವರು ನನಗಾಗಿ ಗೋಣಿಚೀಲ ಮಡಚಿ ಹಾಸಿಟ್ಟಿದ್ದರಂತೆ. ಅಂದು ನನಗೆ ಊಟ ಸೇರಲಿಲ್ಲ.

ಮರುದಿನ ಹೋಗಿ ಆ ಚೀಲದ ಮೇಲೆ ಕೂತೆ. ಖಾದರಸಾಬರು ಗಾಬರಿಯಾದರು.

“ಯಾಕ್ರಿ, ಮತ್ತ ಕಾಲು ಹಿಡೀತೇನು?”

ನಿಮ್ಮನ್ನು ನೋಡಬೇಕೆನಿಸಿತು ಎಂದರೆ ಮುಗಿಯುತ್ತಿತ್ತು. ಆದರೆ ಕಾಲು ನೆಟ್ಟಗಿದ್ದಾಗ ಅಂಥ ಮಾತು ಆಡಿ ನನಗೆ ರೂಢಿಯಿಲ್ಲ. ಹೂಂ, ಸ್ವಲ್ಪ ಜೋಮು ಎಂದೆ. ಚಹಾ ಬಂತು. ಅದರ ರುಚಿಗೆ ಅಂದಿನಿಂದ ಎಲ್ಲ ಕಟ್ಟೆಗಳ ಮೇಲೂ ನನಗೆ ಮತ್ತೆ ಜೋಮು ಶುರುವಾಗಿದೆ.

ಈ ಜೋಮಿನ ಸುದ್ದಿ ಇವತ್ತು ನನಗಿಂತ ಮುಂಚೆ ಮನೆ ಸೇರಿದೆ. ನಾಳೆ ಬೆಳಗಿನ ಬಸ್ಸಿಗೆ ಗದಗಕ್ಕೆ ಹೊರಡಬೇಕೆಂದು ಹೆಂಡತಿ ಅಪ್ಪಣೆ ಮಾಡಿದ್ದಾಳೆ. ನಿಜ ಹೇಳಿದರೆ ಸಂಪಾದಿಸಿದ ಹೆಸರು ಹೋಗುತ್ತದೆ, ಹೇಳದಿದ್ದರೆ ಮತ್ತೆ ಆ ಸ್ಕ್ಯಾನಿನ ಕೊಳವೆಯೊಳಗೆ ಹೋಗಬೇಕು. ಹೇಳದಿರುವುದೇ ಸರಿ ಎನಿಸುತ್ತಿದೆ. ಆಸ್ಪತ್ರೆಯ ಎದುರಿಗೆ ಒಂದು ಔಷಧಿ ಅಂಗಡಿ ಇದೆ, ಅದಕ್ಕೂ ಒಂದು ಕಟ್ಟೆ ಇದೆ.