ಕಂಪೌಂಡರ ಸೀಸೆ ಖಾತೆ

ಸ್ವಂತ ಮನೆಯಲ್ಲಿ ತಮಗೆ ಒಂದೇ ಒಂದು ವಿಷಯದಲ್ಲೂ ಅಧಿಕಾರವಿಲ್ಲ ಎಂಬುದು ಕಂಪೌಂಡರ ಇಪ್ಪತ್ತೆರಡು ವರ್ಷದ ಕೊರಗು. ಫ್ಯಾನು ಎಷ್ಟು ಜೋರಾಗಿ ತಿರುಗಬೇಕು ಎಂಬುದು ಅತ್ತೆಯ ಇಲಾಖೆ. ಕಿಟಕಿ ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬುದು ಹೆಂಡತಿಯ ಇಲಾಖೆ. ಅವರ ಮೂಗಿನ ಕೆಳಗೇ ಬೆಳೆದ ಮೀಸೆ ಎಷ್ಟು ದಪ್ಪ ಇರಬೇಕು ಎಂಬ ಪ್ರಶ್ನೆ ಕೂಡ ತಾಯಿ-ಮಗಳ ಜಂಟಿ ಸಮಿತಿಯಲ್ಲಿ ಇತ್ಯರ್ಥವಾಗುತ್ತಿತ್ತು. (ಕಳೆದ ವರ್ಷ ಸಮಿತಿ ಅರ್ಧ ಮೀಸೆಗೆ ಮಂಜೂರಾತಿ ಕೊಟ್ಟಿತ್ತು.)

ಹೀಗಿರುವಾಗ ಅವರ ಹೆಂಡತಿ ಎಣ್ಣೆ ಇಳಿಸಲು ಶುರುಮಾಡಿದ್ದು ದೈವಕೃಪೆಯೇ ಸರಿ. ಆಕೆ ಶಾಲೆಯಲ್ಲಿ ಹೊಲಿಗೆ ಟೀಚರು. ರಜೆಯಲ್ಲಿ ಎಲ್ಲೋ ತರಬೇತಿಗೆ ಹೋಗಿ ಬಂದವರೇ, ಹಿತ್ತಲ ಕೋಣೆಯಲ್ಲಿ ತಾಮ್ರದ ಪಾತ್ರೆಯೊಂದನ್ನು ಹೂಡಿ, ಬುಟ್ಟಿಗಟ್ಟಲೆ ಎಲೆ, ತೊಗಟೆ, ಸಿಪ್ಪೆ ಬೇಯಿಸಿ, ಅದರ ಆವಿಯಿಂದ ಚಮಚದಷ್ಟು ಸುಗಂಧದ ಎಣ್ಣೆ ಇಳಿಸತೊಡಗಿದರು. ಪುದೀನ, ಲವಂಗ, ಶುಂಠಿ, ನಿಂಬೆಹುಲ್ಲು, ಕಿತ್ತಳೆ ಸಿಪ್ಪೆ, ಲ್ಯಾವೆಂಡರ್ ಎಂದು ಎಂಟು ತಿಂಗಳಲ್ಲಿ ಹತ್ತು ಬಗೆಯಾಯಿತು. ಮೈಕೈ ನೋವಿಗೆ ಮಸಾಜು ಮಾಡುವ ಕ್ಲಿನಿಕ್ಕಿನ ಡಾಕ್ಟರಮ್ಮ ಮೂಸಿ ನೋಡಿ, "ಹತ್ತರಲ್ಲೂ ಒಂದೊಂದು ಬಾಟಲಿ ತನ್ನಿ. ನಮ್ಮ ರೋಗಿಗಳಿಗೆ ಹಿಡಿಸಿದರೆ ಇನ್ನು ಮೇಲೆ ನಿಮ್ಮದೇ," ಎಂದುಬಿಟ್ಟರು. ಶುಕ್ರವಾರ ಬೆಳಿಗ್ಗೆ ಒಪ್ಪಿಸಬೇಕು. ಹೆಂಡತಿ ಆ ವಾರವೆಲ್ಲ ನೆಲದ ಮೇಲೆ ಕಾಲಿಟ್ಟು ನಡೆದದ್ದನ್ನು ಯಾರೂ ನೋಡಲಿಲ್ಲ.

ಆದರೆ ಎಣ್ಣೆ ಇದ್ದದ್ದು ಬಿಳಿ ಗಾಜಿನ ಬಾಟಲಿಗಳಲ್ಲಿ! ಕಂಪೌಂಡರು ಸೊಂಟದ ಮೇಲೆ ಕೈಯಿಟ್ಟು ನಿಂತರು. ಔಷಧಿ ಅಂಗಡಿಯಲ್ಲಿ ಇಪ್ಪತ್ತೈದು ವರ್ಷ ಸೀಸೆಗಳ ನಡುವೆಯೇ ಬಾಳಿದ ಜೀವ ಅದು.

"ಬೆಳಕು ಬಿದ್ದರೆ ಎಣ್ಣೆ ಕೆಡುತ್ತೆ ಕಣೇ. ಕಂದು ಬಣ್ಣದ ಗಾಜೇ ಆಗಬೇಕು."

"ಹೌದಾ? ಹಾಗಾದ್ರೆ ಅಂಗಡಿಯಿಂದ ಹತ್ತು ಹೊಸದು ತಂದ್ಬಿಡಿ."

"ಹೊಸದ್ಯಾಕೆ? ಗಾಜಿಗೆ ಮುಪ್ಪಿಲ್ಲ. ಜನ ಔಷಧಿ ಕುಡಿದು ಬಿಸಾಕೋ ಸೀಸೆಗಳು ಬಂಗಾರದಂಥವು. ನೀನು ಸುಮ್ನಿರು. ಸೀಸೆ ವಿಷಯ ನನಗೆ ಬಿಡು."

ಹೆಂಡತಿ ಒಂದು ಕ್ಷಣ ಯೋಚಿಸಿ, "ಸರಿ, ಬಿಟ್ಟೆ," ಎಂದರು. ಮೂಲೆಯ ಕುರ್ಚಿಯಲ್ಲಿ ಸ್ವೆಟರು ಹೆಣೆಯುತ್ತಿದ್ದ ಅತ್ತೆ ಕನ್ನಡಕದ ಮೇಲಿಂದ ಮಗಳನ್ನು ನೋಡಿದರು. ಅವರು ಹಾಗೆ ನೋಡಿದಾಗ ಕಂಪೌಂಡರಿಗೆ ಯಾವಾಗಲೂ ಬೆನ್ನು ತುರಿಸುತ್ತದೆ.

ಅಂತೂ ಸೀಸೆ ಖಾತೆ ಕೈಸೇರಿತು. ಮೂರು ದಿನ ಕಂಪೌಂಡರು ಬೀದಿಯ ಮನೆಮನೆಗೂ ಹೋಗಿ, "ಕೆಮ್ಮಿನ ಸಿರಪ್ ಮುಗೀತಾ?" ಎಂದು ವಿಚಾರಿಸಿದರು. ಮುಗಿಯದಿದ್ದವರಿಗೆ ಬೇಗ ಮುಗಿಸಲು ಬುದ್ಧಿ ಹೇಳಿದರು. ಬಂದ ಅರವತ್ತು ಸೀಸೆಗಳಿಗೆ ವರಪರೀಕ್ಷೆಗಿಂತ ಕಟ್ಟುನಿಟ್ಟಾದ ಪರೀಕ್ಷೆ ನಡೆಯಿತು. ಪ್ಲಾಸ್ಟಿಕ್ಕಿನದಾದರೆ ತಿರಸ್ಕೃತ, ಎಣ್ಣೆ ಅದನ್ನು ತಿಂದುಹಾಕುತ್ತದೆ. ಹನಿ ಹಾಕುವ ರಬ್ಬರಿನ ಪಿಚಕಾರಿ ಇದ್ದರೆ ಅದನ್ನು ಕಿತ್ತು ಗಟ್ಟಿ ಮುಚ್ಚಳ. ರಬ್ಬರು ಎಣ್ಣೆಯಲ್ಲಿ ಕರಗಿ ಅಂಟಾಗುತ್ತದೆ. ಕುತ್ತಿಗೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಮನೆಗೆ ವಾಪಸು. ಉಳಿದವನ್ನು ಸೋಪಿನ ನೀರಲ್ಲಿ ತೊಳೆದು, ಕುದಿಸಿ, ಒಣಗಿಸಿ, ಹಳೆಯ ಔಷಧಿಯ ವಾಸನೆ ಉಳಿದಿದೆಯೇ ಎಂದು ಒಂದೊಂದನ್ನೂ ಮೂಸಿದರು. ಮತ್ತೆ ತೊಳೆದರು, ಮತ್ತೆ ಮೂಸಿದರು. ಮೂರನೆಯ ದಿನದ ಹೊತ್ತಿಗೆ ಹತ್ತು ಸೀಸೆಗಳು ಒಂದೇ ತಾಯಿಯ ಮಕ್ಕಳಂತೆ ಸಾಲಾಗಿ ಹೊಳೆಯುತ್ತಿದ್ದವು. ಕಂಪೌಂಡರ ಮೂಗಿಗೆ ಮಾತ್ರ ಊಟ, ಸೋಪು, ಹೆಂಡತಿಯ ಮುಡಿ, ಎಲ್ಲವೂ ಕೆಮ್ಮಿನ ಸಿರಪ್ಪಿನ ವಾಸನೆ ಹೊಡೆಯುತ್ತಿತ್ತು.

ಗುರುವಾರ ಬೆಳಿಗ್ಗೆ ಹೆಂಡತಿ ಶಾಲೆಗೆ ಹೊರಡುತ್ತ, "ಇವತ್ತು ತುಂಬಿಸಿ ಇಡಿ. ಸಾಯಂಕಾಲ ಬಂದು ನಾನು ಚೀಟಿ ಅಂಟಿಸ್ತೀನಿ. ಯಾವುದರಲ್ಲಿ ಯಾವುದು ಅಂತ ಮಾತ್ರ ಎಚ್ಚರ," ಎಂದರು.

"ಇಪ್ಪತ್ತೈದು ವರ್ಷದಲ್ಲಿ ಒಮ್ಮೆಯೂ ಜ್ವರದವನಿಗೆ ಹೊಟ್ಟೆನೋವಿನ ಔಷಧಿ ಕೊಟ್ಟವನಲ್ಲ ನಾನು," ಎಂದರು ಕಂಪೌಂಡರು.

ತುಂಬಿಸುವ ಕೆಲಸ ಅವರು ಮಾಡಿದ್ದು ಕಣ್ಣಿಗೆ ಹಬ್ಬ. ಸಣ್ಣ ಆಲಿಕೆಯಿಟ್ಟು, ಉಸಿರು ಬಿಗಿಹಿಡಿದು, ಒಂದು ಹನಿ ಚೆಲ್ಲದಂತೆ ಬಿಳಿ ಬಾಟಲಿಯಿಂದ ಕಂದು ಸೀಸೆಗೆ ಎಣ್ಣೆ ಇಳಿಸಿದರು. ಎಡವಟ್ಟಾದದ್ದು ಅವರ ಮರುಬಳಕೆಯ ಉತ್ಸಾಹದಿಂದ. ಖಾಲಿಯಾದ ಬಿಳಿ ಬಾಟಲಿಯೂ ಸೀಸೆಯೇ ತಾನೇ, ನಾಳೆ ಯಾವುದಕ್ಕಾದರೂ ಆದೀತು ಎಂದು ಖಾಲಿಯಾದಂತೆಲ್ಲ ಅದನ್ನು ಪಕ್ಕದ ಬಿಸಿ ಸೋಪು ನೀರಿನ ಬಕೆಟ್ಟಿಗೆ ಹಾಕುತ್ತ ಹೋದರು. ಹತ್ತನೆಯದನ್ನೂ ಹಾಕಿ, ಕೈ ಒರೆಸಿಕೊಂಡು, ಬಕೆಟ್ಟಿನಲ್ಲಿ ಇಣುಕಿದರು.

ನೀರಿನ ಮೇಲೆ ಹತ್ತು ಕಾಗದದ ಚೀಟಿಗಳು ನಿಶ್ಚಿಂತೆಯಿಂದ ಈಜುತ್ತಿದ್ದವು. ಹೆಂಡತಿ ಮುದ್ದಾಗಿ ಬರೆದಿದ್ದ ಹೆಸರುಗಳೆಲ್ಲ ಕರಗಿ ನೀರು ತಿಳಿನೀಲಿಯಾಗಿತ್ತು.

ಕಂಪೌಂಡರು ಸೀಸೆಗಳ ಕಡೆ ನೋಡಿದರು. ಹತ್ತೂ ಒಂದೇ ಎತ್ತರ, ಒಂದೇ ಬಣ್ಣ. ಮೊದಲನೆಯದನ್ನು ಮೂಸಿದರು. ಕೆಮ್ಮಿನ ಸಿರಪ್. ಏಳನೆಯದನ್ನು ಮೂಸಿದರು. ಕೆಮ್ಮಿನ ಸಿರಪ್. ತಮ್ಮ ಅಂಗಿಯ ತೋಳನ್ನು ಮೂಸಿದರು. ಅದೂ ಅದೇ.

ಲ್ಯಾವೆಂಡರ್ ಎಂದುಕೊಂಡು ಡಾಕ್ಟರಮ್ಮ ಯಾವುದೋ ಮುದುಕಿಯ ಬೆನ್ನಿಗೆ ಲವಂಗದೆಣ್ಣೆ ಬಳಿದು, ಮುದುಕಿ ಉರಿ ತಾಳದೆ ಕ್ಲಿನಿಕ್ಕಿನಿಂದ ಬೀದಿಗೆ ಓಡುವ ದೃಶ್ಯ ಕಣ್ಣ ಮುಂದೆ ಬಂತು. ಹೆಂಡತಿಯ ಎಂಟು ತಿಂಗಳ ಬೆವರು ಆ ಮುದುಕಿಯ ಹಿಂದೆಯೇ ಓಡುತ್ತಿತ್ತು. ಅದರ ಹಿಂದೆ ಸೀಸೆ ಖಾತೆ.

ಯಾರಿಂದಲಾದರೂ ಮೂಸಿಸಬೇಕು. ಆದರೆ ಯಾರಿಂದ? ಮನೆಯಲ್ಲಿದ್ದ ಒಂದೇ ಒಂದು ಮೂಗು ಅತ್ತೆಯದು. ಆ ಮೂಗಿನ ಕೆಳಗೇ ಒಂದು ಬಾಯಿಯೂ ಇತ್ತು. ಸೀಸೆಗಳನ್ನು ಅಂಗಡಿಗೆ ಒಯ್ಯೋಣವೆಂದರೆ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತ ಅತ್ತೆ, ಜೇಬಿನಲ್ಲಿ ನೆಗಡಿ ಮಾತ್ರೆಯಿದ್ದರೂ ಎಣಿಸಿ ಕಳಿಸುವವರು. ಹತ್ತು ಸೀಸೆಗಳ ಕಿಣಿಕಿಣಿ ಅವರ ಕಿವಿ ತಪ್ಪುವುದುಂಟೆ?

ಆಗ ಕಂಪೌಂಡರಿಗೆ ತಮ್ಮ ಬೆರಳುಗಳು ಕಂಡವು. ಸರಿಯಾಗಿ ಹತ್ತು!

ಸೀಸೆಗಳನ್ನು ಎಡದಿಂದ ಬಲಕ್ಕೆ ಸಾಲಾಗಿಟ್ಟು, ಎಲ್ಲದರ ಮುಚ್ಚಳ ಬಿಚ್ಚಿ, ಕೈಗಳನ್ನೂ ಪಕ್ಕಪಕ್ಕ ಇಟ್ಟುಕೊಂಡು, ಎಡತುದಿಯ ಬೆರಳಿಗೆ ಮೊದಲನೆಯ ಸೀಸೆ, ಅದರ ಪಕ್ಕದ್ದಕ್ಕೆ ಎರಡನೆಯದು ಎಂದು ಬೆರಳಿಗೊಂದು ಹನಿ ಮುಟ್ಟಿಸಿಕೊಂಡರು. ಮುಚ್ಚಳಗಳನ್ನು ಅಂಗೈಯಿಂದ ಒತ್ತಿ ತಿರುಗಿಸಿದರು. ಮತ್ತೆ ಹತ್ತೂ ಬೆರಳನ್ನು ಹರಡಿಕೊಂಡು, ಒಣಗಲು ಹಾಕಿದ ಬಟ್ಟೆಯಂತೆ ಕೈ ಮುಂದೆ ಚಾಚಿ ಹೊರಟರು.

"ಅಳಿಯಂದಿರೇ, ಕೈ ಯಾಕೆ ಹಾಗೆ?"

"ವ್ಯಾಯಾಮ."

"ಊಟದ ಡಬ್ಬಿ?"

"ಹಸಿವಿಲ್ಲ."

"ವ್ಯಾಯಾಮ ಮಾಡಿದ್ರೆ ಹಸಿವಾಗ್ಬೇಕಲ್ವಾ?" ಎಂದು ಅತ್ತೆ ಡಬ್ಬಿಯ ಹಿಡಿಯನ್ನು ಅವರ ಮೊಣಕೈಗೆ ನೇತುಹಾಕಿದರು.

ಅಂದು ಔಷಧಿ ಅಂಗಡಿಯಲ್ಲಿ ನಡೆದದ್ದನ್ನು ಆ ಬೀದಿ ಬೇಗ ಮರೆಯುವಂತಿಲ್ಲ. "ಕೈಗೆ ಅಲರ್ಜಿ" ಎಂದು ಯಜಮಾನರಿಗೆ ಹೇಳಿ ಕಂಪೌಂಡರು ಕೌಂಟರಿನ ಹಿಂದೆ ಸ್ಟೂಲಿನ ಮೇಲೆ ಕೂತರು. ಯಜಮಾನರು ಒಳಗೆ ಹೋದರೆ ಸಾಕು, ಬಂದ ಗಿರಾಕಿಯ ಮೂಗಿನ ಕೆಳಗೆ ಬೆರಳು ಹಿಡಿಯುತ್ತಿದ್ದರು.

"ಇದೇನು ವಾಸನೆ, ಸ್ವಲ್ಪ ಹೇಳಿ."

ಹಲ್ಲಿನ ಆಸ್ಪತ್ರೆಯ ನರ್ಸಮ್ಮ ಎಡಗೈ ಹೆಬ್ಬೆರಳನ್ನು ಮೂಸಿದ್ದೇ, "ಲವಂಗ. ದಿನಾ ಇದೇ ವಾಸನೇಲಿ ಬದುಕ್ತಿದೀನಿ," ಎಂದರು. ಬೇಕರಿಯವನು ಎಡಗೈ ತೋರುಬೆರಳಿನಲ್ಲಿ ಕಿತ್ತಳೆಯನ್ನೂ ಉಂಗುರ ಬೆರಳಿನಲ್ಲಿ ದಾಲ್ಚಿನ್ನಿಯನ್ನೂ ಕಂಡುಹಿಡಿದು, ನಡುಬೆರಳಿನ ಶುಂಠಿಗೆ ಬಿಸ್ಕತ್ತು ಜ್ಞಾಪಕವಾಗಿ ನಾಲಿಗೆ ಚಾಚಿದ. ಕಂಪೌಂಡರು ಕೈ ಹಿಂದಕ್ಕೆಳೆದುಕೊಂಡರು. ಕ್ಷೌರಿಕ ಎಡಗೈ ಕಿರುಬೆರಳು ಹಿಡಿದು, "ಲ್ಯಾವೆಂಡರು! ನಮ್ಮಲ್ಲಿ ಗಡ್ಡ ಬೋಳಿಸಿದ ಮೇಲೆ ಹಚ್ಚೋ ಲೋಷನ್ನು ಇದೇ," ಎಂದ. ನೆಗಡಿಯಾಗಿದ್ದ ನಿವೃತ್ತ ಹೆಡ್‌ಮಾಸ್ಟರು ಮಾತ್ರ ಬಲಗೈ ತೋರುಬೆರಳನ್ನು ಐದು ನಿಮಿಷ ಬಿಡದೆ ಎಳೆದು ಎಳೆದು ಮೂಸಿ, "ಏನೂ ಗೊತ್ತಾಗ್ಲಿಲ್ಲ," ಎಂದು ಹೊರಟುಹೋದರು. (ಆಮೇಲೆ ಬಂದ ಗಿರಾಕಿಯೊಬ್ಬರು ಅದು ನೀಲಗಿರಿ ಎಂದರು.) ಸಂಜೆ ಐದರ ಹೊತ್ತಿಗೆ ಅಂಗಡಿಯ ಮುಂದೆ ಬೆರಳು ಮೂಸುವವರದೇ ಸಾಲು. ಔಷಧಿ ಬೇಡದವರೂ ನಿಂತಿದ್ದರು. ಡಬ್ಬಿ ಮೊಣಕೈಯಲ್ಲೇ ತಣ್ಣಗಾಗಿತ್ತು. ಆದರೇನು, ಹತ್ತಕ್ಕೆ ಹತ್ತೂ ಗೊತ್ತಾಗಿದ್ದವು! ಯಾವ ಬೆರಳು ಯಾವ ಎಣ್ಣೆ ಎಂದು ಕಂಪೌಂಡರು ಬಾಯಿಪಾಠ ಮಾಡಿಕೊಳ್ಳುತ್ತ ಮನೆಯ ಹಾದಿ ಹಿಡಿದರು.

ಬೀದಿಯ ತಿರುವಿನಲ್ಲಿ ಅವರ ಕಾಲು ನಿಂತಿತು.

ಎಡತುದಿಯ ಬೆರಳಿಗೆ ಮೊದಲನೆಯ ಸೀಸೆ. ಸರಿ. ಆದರೆ ಎಡತುದಿಯ ಬೆರಳು ಯಾವುದು? ಅಂಗೈ ಕೆಳಗಿದ್ದರೆ ಕಿರುಬೆರಳು. ಅಂಗೈ ಮೇಲಿದ್ದರೆ ಹೆಬ್ಬೆರಳು. ಹನಿ ಮುಟ್ಟಿಸಿಕೊಂಡಾಗ ಅಂಗೈ ಎತ್ತ ಕಡೆಗಿತ್ತು?

ಕಂಪೌಂಡರು ಬೀದಿಯಲ್ಲಿ ನಿಂತು ಕೈಗಳನ್ನು ಅಂಗಾತ ಹಾಕಿದರು, ಬೋರಲು ಹಾಕಿದರು. ಮತ್ತೆ ಅಂಗಾತ, ಮತ್ತೆ ಬೋರಲು. ಎರಡು ನಡುಬೆರಳುಗಳು ಮಾತ್ರ ಎತ್ತ ತಿರುಗಿಸಿದರೂ ಪ್ರಾಮಾಣಿಕವಾಗಿ ತಮ್ಮ ಜಾಗದಲ್ಲೇ ನಿಂತವು. ಉಳಿದ ಎಂಟೂ ಪಕ್ಷಾಂತರಿಗಳು. ಒಂದು ರೀತಿ ಹಿಡಿದರೆ ಮೊದಲನೆಯ ಸೀಸೆ ಲ್ಯಾವೆಂಡರ್, ಇನ್ನೊಂದು ರೀತಿ ಹಿಡಿದರೆ ಲವಂಗ. ಮುದುಕಿ ಮತ್ತೆ ಓಡತೊಡಗಿದಳು.

ಒಂದೇ ಒಂದು ಸೀಸೆಯನ್ನು ಒಬ್ಬರು ಮೂಸಿ ಹೇಳಿದರೆ ಸಾಕು, ಉಳಿದದ್ದೆಲ್ಲ ತಾನಾಗಿ ಇತ್ಯರ್ಥ. ಕಂಪೌಂಡರು ಗಟ್ಟಿ ಮನಸ್ಸು ಮಾಡಿದರು. ಮಾನ ಹೋದರೆ ಹೋಗಲಿ, ಹೆಂಡತಿಯ ಕೆಲಸ ಕೆಡಬಾರದು. ಅತ್ತೆಯ ಕಾಲಿಗೆ ಬಿದ್ದಾದರೂ ಮೂಸಿಸುವುದೇ ಸೈ. "ಅತ್ತೆ, ತಪ್ಪಾಯ್ತು" ಎಂಬುದನ್ನು ನಾಲ್ಕು ಬಗೆಯ ದನಿಯಲ್ಲಿ ಅಭ್ಯಾಸ ಮಾಡುತ್ತ ಮೆಟ್ಟಿಲು ಹತ್ತಿದರು. ಇಪ್ಪತ್ತೆರಡು ವರ್ಷದಲ್ಲಿ ಅವರು ಇಷ್ಟು ದೊಡ್ಡ ತ್ಯಾಗಕ್ಕೆ ಸಿದ್ಧರಾದದ್ದು ಅದೇ ಮೊದಲು.

ಒಳಗೆ ಹೆಂಡತಿ ಆಗಲೇ ಬಂದಿದ್ದರು. ಮೇಜಿನ ಮೇಲೆ ಹತ್ತು ಸೀಸೆ. ಹತ್ತಕ್ಕೂ ಹೊಸ ಚೀಟಿ, ಮುದ್ದಾದ ಅಕ್ಷರ.

"ಅಯ್ಯೋ, ಅಂಟಿಸಿಬಿಟ್ಟೆಯಾ? ಯಾವುದು ಯಾವುದು ಅಂತ ಹೇಗೆ..."

"ಮೂಸಿದೆ," ಎಂದರು ಹೆಂಡತಿ.

"ಹತ್ತೂ?"

"ರೀ, ಎಂಟು ತಿಂಗಳು ಅದರ ಹೊಗೆ ಕುಡಿದೋಳು ನಾನು. ನಾನೇ ಇಳಿಸಿದ ಎಣ್ಣೆ ನನಗೆ ಗೊತ್ತಾಗಲ್ವಾ? ಎರಡು ನಿಮಿಷದ ಕೆಲಸ. ಬಕೆಟ್ಟಲ್ಲಿ ಚೀಟಿಗಳು ತೇಲ್ತಿದ್ದಿದ್ದು ನೋಡಿದಾಗಲೇ ಅರ್ಥವಾಯ್ತು. ಒಂದು ಮಾತು ಹೇಳಿ ಹೋಗಿದ್ರೆ ಆಗ್ತಿತ್ತಪ್ಪ. ಅದಿರಲಿ, ಕೈ ಯಾಕೆ ಹಾಗೆ ಹಿಡ್ಕೊಂಡಿದೀರ?"

"ವ್ಯಾಯಾಮವಂತೆ," ಎಂದರು ಅತ್ತೆ, ಹೆಣಿಗೆಯಿಂದ ಕಣ್ಣೆತ್ತದೆ. "ಬೆಳಿಗ್ಗೆ ಶುರುವಾಗಿದ್ದು."

ಕಂಪೌಂಡರು ಬಾಯಿ ತೆರೆಯುವಷ್ಟರಲ್ಲಿ ಬಾಗಿಲಲ್ಲಿ ಹೆಡ್‌ಮಾಸ್ಟರು. ಅವರ ಹಿಂದೆ ಬೇಕರಿಯವನು, ಅವನ ಹಿಂದೆ ಇನ್ನಿಬ್ಬರು.

"ಟೀಚರಮ್ಮಾ," ಎಂದರು ಹೆಡ್‌ಮಾಸ್ಟರು ತಿಳಿಯಾದ ದನಿಯಲ್ಲಿ, "ಮನೆ ಸೇರೋಷ್ಟರಲ್ಲಿ ನನ್ನ ಮೂಗು ತೆರೆದುಕೊಳ್ತು ನೋಡಿ! ವಾರದಿಂದ ಕಟ್ಟಿತ್ತು. ನಿಮ್ಮ ಯಜಮಾನರ ಬಲಗೈ ತೋರುಬೆರಳು ನನಗೊಂದು ಬಾಟಲಿ ಬೇಕು."

"ಏನು ಬೇಕು ಅಂದ್ರಿ?"

"ಎಣ್ಣೆ ಹೆಸರು ಗೊತ್ತಿಲ್ಲಮ್ಮ. ಬೆರಳು ಗೊತ್ತು."

"ನನಗೆ ಎಡಗೈ ನಡುಬೆರಳು," ಎಂದ ಬೇಕರಿಯವನು. "ನನಗೆ ಹೆಬ್ಬೆರಳು," "ನನಗೆ ಕಿರುಬೆರಳು ಎರಡು," ಎಂದವು ಹಿಂದಿನ ದನಿಗಳು.

ಹೆಂಡತಿ ಗಂಡನ ಕೈಗಳನ್ನು ಹಿಡಿದು ಒಂದೊಂದೇ ಬೆರಳನ್ನು ಮೂಸುತ್ತ, ಯಾರಿಗೆ ಯಾವುದೆಂದು ಬರೆದುಕೊಂಡರು. ಬಂದವರನ್ನು ಕಳಿಸಿ, ಬಾಗಿಲು ಮುಂದೆ ಮಾಡಿ, ತಾಯಿಯ ಪಕ್ಕದಲ್ಲಿ ಕೂತು ಗಂಡನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಆ ನೋಟ ಕಂಪೌಂಡರಿಗೆ ಗೊತ್ತಿತ್ತು. ಅರವತ್ತು ಸೀಸೆಗಳನ್ನು ತಾವು ನೋಡಿದ್ದೂ ಹಾಗೆಯೇ.

"ಸೀಸೆ ಇನ್ನು ಮೇಲೆ ಅಮ್ಮ ನೋಡ್ಕೊಳ್ತಾರೆ," ಎಂದರು ಹೆಂಡತಿ. "ನೀವು ದಿನಾ ಅಂಗಡಿಗೆ ಹೋಗೋ ಮುಂಚೆ ಹತ್ತು ನಿಮಿಷ ಇಲ್ಲಿ ಕೂತ್ಕೊಳ್ಳಿ. ಬೆರಳಿಗೆ ನಾನೇ ಹಚ್ಚಿ ಕಳಿಸ್ತೀನಿ."

"ಅದ್ಸರಿ ಕಣೇ," ಎಂದರು ಅತ್ತೆ, ಹೆಣಿಗೆಯನ್ನು ಪಕ್ಕಕ್ಕಿಟ್ಟು. "ಮುಂದಿನ ತಿಂಗಳು ಇನ್ನೂ ನಾಲ್ಕು ಬಗೆ ಇಳಿಸ್ತೀನಿ ಅಂತಿದ್ದೆಯಲ್ಲ, ಅದಕ್ಕೆ ಬೆರಳು ಸಾಲಲ್ಲವಲ್ಲ?"

ಹೆಂಡತಿ ಗಲ್ಲದ ಮೇಲೆ ಪೆನ್ನಿಟ್ಟು ಸ್ವಲ್ಪ ಹೊತ್ತು ಯೋಚಿಸಿದರು.

"ರೀ," ಎಂದರು, "ಚಪ್ಪಲಿ ಬಿಚ್ಚಿ ನೋಡೋಣ."