ಹತ್ತನೇ ಹಾರಾಟ ಮತ್ತು ಹಂದಿ ತಕ್ಕಡಿ

ಆ ಶನಿವಾರ ಬೆಳಿಗ್ಗೆ ನಾರ್ಬ್ ಹಾಲ್‌ಬರ್ಗ್‌ಗೆ ಕಡಿಮೆ ಬಿದ್ದದ್ದು ಒಬ್ಬನೇ ಒಬ್ಬ ಮನುಷ್ಯ.

ವಿಮಾನವಿತ್ತು. ಅದನ್ನು ಹಾರಿಸುವ ಮಾರ್ಲಿಸ್ ಇದ್ದಳು. ಜೋಳದ ಹೊಲಗಳ ನಡುವಿನ ಆ ಹುಲ್ಲಿನ ರನ್‌ವೇಗೂ ತಗಡಿನ ಹ್ಯಾಂಗರಿಗೂ ಆಕೆಯೇ ಒಡತಿ. ಪ್ಯಾರಾಶೂಟ್ ಕಟ್ಟಿಕೊಂಡು ವಿಮಾನದಿಂದ ಹಾರುವುದನ್ನು ಕಲಿಸುವ ಗಾರ್ಡಿಯೂ ಇದ್ದ. ಅವನು ಜೊತೆಗಿಲ್ಲದೆ ಕಲಿಯುವವರು ವಿಮಾನ ಹತ್ತುವಂತಿಲ್ಲ. ಆದರೆ ಮೂವರು ಹಾರುವವರು ಸೇರದೆ ಮಾರ್ಲಿಸ್ ಎಂಜಿನ್ ಮುಟ್ಟುವವಳಲ್ಲ.

"ನೀನು, ಗಾರ್ಡಿ. ಎರಡಾಯ್ತು. ಇನ್ನೊಬ್ಬನ್ನ ಹಿಡ್ಕೊಂಡು ಬಾ, ಆಮೇಲೆ ಮೋಡಕ್ಕೆ ಕೈಮುಗಿ," ಎಂದಳು ಆಕೆ, ಕಾಫಿ ಲೋಟದಿಂದ ಕಣ್ಣೆತ್ತದೆ.

ಮಿನಸೋಟದ ಅಕ್ಟೋಬರ್ ಆಕಾಶ ಹಿಂಡದೆ ನೇತುಹಾಕಿದ ಹಳೇ ಹೊದಿಕೆಯಂತೆ ಜೋತುಬಿದ್ದಿತ್ತು. ಆಸ್ಪತ್ರೆಯ ಲಾಂಡ್ರಿಯಲ್ಲಿ ಹೊದಿಕೆ ಒಗೆಯುವ ನಾರ್ಬ್ ಆ ಬಣ್ಣವನ್ನು ವಾರವಿಡೀ ನೋಡಿರುತ್ತಿದ್ದ. ಶನಿವಾರಕ್ಕಾದರೂ ಬೇರೆ ಬಣ್ಣ ಬೇಕಿತ್ತು ಅವನಿಗೆ.

ನಲವತ್ತಾರು ವರ್ಷದ ಈ ಬಡಪಾಯಿ ಈ ಹುಚ್ಚಿಗೆ ಬಿದ್ದದ್ದು ಒಂದು ಸೇತುವೆಯಿಂದ. ದೂರದ ಐಡಹೊದಲ್ಲಿರುವ ಆ ಸೇತುವೆಯಿಂದ ಪ್ಯಾರಾಶೂಟ್ ಕಟ್ಟಿಕೊಂಡು ಯಾರು ಬೇಕಾದರೂ ಹಾರಬಹುದು. ಟಿಕೆಟ್ಟಿಲ್ಲ, ವಿಮಾನವಿಲ್ಲ, ಪೂರಾ ಪುಕ್ಕಟೆ. ಹಾಗೆಂದು ಯಾರೋ ಹೇಳಿದ್ದೇ ತಡ, ಪಕ್ಕದ ಊರಿನವನಿಂದ ಕುಂಬಳಕಾಯಿ ಬಣ್ಣದ ಹಳೇ ಹಾರುವ ಅಂಗಿ ಕೊಂಡುಬಿಟ್ಟ. ಆ ಪುಕ್ಕಟೆ ಸೇತುವೆಯ ಮೇಲೆ ನಿಲ್ಲುವ ಮೊದಲು ವಿಮಾನದಿಂದ ಇನ್ನೂರು ಸಲ ದುಡ್ಡು ಕೊಟ್ಟು ಹಾರಿರಬೇಕೆಂದು ಗಾರ್ಡಿ ತಿಳಿಸಿದ್ದು ಅಂಗಿ ಬಂದಮೇಲೆ.

ಇಲ್ಲಿಯವರೆಗೆ ಆಗಿದ್ದು ಒಂಬತ್ತು. ಅದರಲ್ಲೂ ಒಂದು ಗೋಳಿತ್ತು. ಕಲಿಯುವವನು ಮೂವತ್ತು ದಿನದೊಳಗೆ ಮತ್ತೆ ಹಾರದಿದ್ದರೆ ಹಿಂದಿನ ಪಾಠವನ್ನೇ ಮತ್ತೆ ದುಪ್ಪಟ್ಟು ದುಡ್ಡು ಕೊಟ್ಟು ಒಪ್ಪಿಸಬೇಕು. ನಾರ್ಬ್‌ನ ಕೈಲಿ ತಿಂಗಳಿಗೊಂದೇ ಹಾರಾಟಕ್ಕಾಗುವಷ್ಟು ಉಳಿಯುತ್ತಿತ್ತು. ಮಳೆಯೋ ಗಾಳಿಯೋ ಅದೇ ದಿನ ಬರುತ್ತಿತ್ತು. ಹೀಗಾಗಿ ಐದನೇ ಪಾಠವನ್ನು ಅವನು ಮೂರು ಸಲ ಪಾಸಾಗಿದ್ದ.

ಇವತ್ತು ಮೂವತ್ತನೇ ದಿನ.

"ಯಾಕೋ ಮುಖ ಸತ್ತ ಮೀನಿನ ಹಂಗಿದೆ?" ಎಂದ ಆಲ್ವಿನ್, ಹ್ಯಾಂಗರಿನ ಸೋಫಾದಿಂದ. ಮಂಡಿ ಹೋದಮೇಲೆ ಆಲ್ವಿನ್ ಹಾರುವುದು ಬಿಟ್ಟಿದ್ದ, ಬರುವುದು ಬಿಟ್ಟಿರಲಿಲ್ಲ. ಯಾರು ಏನನ್ನೇ ಮೊದಲ ಸಲ ಮಾಡಿದರೂ ಎಲ್ಲರಿಗೂ ಒಂದು ಪೆಟ್ಟಿಗೆ ಬಿಯರ್ ಕೊಡಿಸಬೇಕೆಂಬುದು ಅಲ್ಲಿನ ಸಂಪ್ರದಾಯ, ವಸೂಲಿ ಆಲ್ವಿನ್‌ನದು. ಮೊದಲ ಹಾರಾಟಕ್ಕೊಂದು, ಬೀಳದೆ ಇಳಿದದ್ದಕ್ಕೊಂದು, ದನದ ಕೊಟ್ಟಿಗೆಯೊಳಗೆ ಇಳಿದದ್ದಕ್ಕೊಂದು, ಹೀಗೆ ನಾರ್ಬ್ ಈಗಾಗಲೇ ಮೂರು ಪೆಟ್ಟಿಗೆ ತೆತ್ತಿದ್ದ.

ಹತ್ತು ಗಂಟೆಗೆ ದೇವರು ಕಣ್ಣುಬಿಟ್ಟ. ಹಂದಿ ಸಾಕುವ ಟಾರ್ವಿಕ್ ಅಣ್ಣತಮ್ಮಂದಿರ ಪಿಕಪ್ ಬಂತು. ಅಣ್ಣ ಡೇಲ್, ತಮ್ಮ ರೂಡಿ, ಇಬ್ಬರೂ ಹಾರುವವರು. ಒಬ್ಬನನ್ನು ಬಿಟ್ಟು ಇನ್ನೊಬ್ಬ ಅಂಗಡಿಗೂ ಹೋದವನಲ್ಲ. ಒಬ್ಬ ಬೇಕಾಗಿದ್ದವನಿಗೆ ಇಬ್ಬರು ಸಿಕ್ಕಿದರು.

ಮಾರ್ಲಿಸ್ ನಾಲ್ವರನ್ನೂ ಪ್ಯಾರಾಶೂಟ್ ಸಮೇತ ತಕ್ಕಡಿಗೆ ಹತ್ತಿಸಿದಳು. ಹಂದಿ ತೂಗುವ ಆ ತಕ್ಕಡಿಯನ್ನು ಆಕೆಗೆ ಮಾರಿದವರೂ ಟಾರ್ವಿಕ್‌ಗಳೇ. ವಿಮಾನ ಹೊರುವ ಭಾರಕ್ಕಿಂತ ನಾಲ್ಕು ಪೌಂಡ್ ಕಡಿಮೆ ಬಂತು.

"ಸರಿಹೋಯ್ತು. ಮೋಡ ಬಿರಿದ್ರೆ ಹೊರಡೋಣ."

ಮೋಡ ಬಿರಿಯಲಿಲ್ಲ. ಹನ್ನೊಂದಕ್ಕೆ ಡೇಲ್ ಎದ್ದು ಕೀಲಿಕೈ ತಡಕಿದ. "ಹಸಿವು ಕಣಪ್ಪ. ಮನೆಗೆ ಹೋಗಿ ಬರ್ತೀವಿ."

ಮನೆಗೆ ಹೋದ ಟಾರ್ವಿಕ್‌ಗಳು ಮರಳಿ ಬಂದ ಇತಿಹಾಸವಿರಲಿಲ್ಲ. ನಾರ್ಬ್ ತನ್ನ ವ್ಯಾನಿಗೆ ಓಡಿದ. ಅಲ್ಲಿ ದೊಡ್ಡ ತಟ್ಟೆ ತುಂಬ ಹಾಟ್‌ಡಿಶ್ ಇತ್ತು. ಮಾಂಸ, ಚೀಸ್, ಮೇಲೆ ಗರಿಗರಿ ಆಲೂಗಡ್ಡೆ. ಅವನ ಇಡೀ ವಾರದ ಊಟ. ಬಿಸಿ ಮಾಡಿ ತಂದಿಟ್ಟ.

"ಅಯ್ಯೋ, ಇದೆಲ್ಲ ಯಾಕೆ ಮಾರಾಯ," ಎಂದ ರೂಡಿ, ಎರಡನೇ ಸಲ ಬಡಿಸಿಕೊಳ್ಳುತ್ತ.

ಹನ್ನೆರಡೂವರೆಗೆ ಮತ್ತೆ ಕೀಲಿಕೈ ಸದ್ದಾಯಿತು. ನಾರ್ಬ್ ಸೋಮವಾರ, ಮಂಗಳವಾರಗಳ ಪಾಲನ್ನು ಬಡಿಸಿದ. ಎರಡು ಗಂಟೆಗೆ ಬುಧ, ಗುರುವಾರ ಹೋದವು. ಗಾರ್ಡಿಯೂ ಮುಜುಗರಪಡದೆ ಶುಕ್ರವಾರವನ್ನು ಮುಗಿಸಿದ. ಮೂರಕ್ಕೆ ಪೆಟ್ರೋಲ್ ಬಂಕಿನಿಂದ ಒಂದು ಡಜನ್ ಡೋನಟ್ ಬಂತು. ಮೂರೂವರೆಗೆ, ಹಾರಿ ಇಳಿದಮೇಲೆ ಮೂವರ ಪ್ಯಾರಾಶೂಟನ್ನೂ ತಾನೇ ಮಡಿಸಿಕೊಡುವೆನೆಂದು ನಾರ್ಬ್ ಮಾತುಕೊಟ್ಟ. ಅವನೊಬ್ಬನೇ ಏನೂ ತಿನ್ನಲಿಲ್ಲ.

ನಾಲ್ಕಕ್ಕೆ ಪಶ್ಚಿಮದಲ್ಲಿ ಅಂಗೈಯಗಲ ನೀಲಿ ಕಂಡಿತು.

"ಏಳ್ರೋ!" ಮಾರ್ಲಿಸ್ ಕೂಗಿದಳು. "ಅರ್ಧ ಗಂಟೆ ಇದೆ. ತಕ್ಕಡಿ ಹತ್ರಿ."

"ಬೆಳಿಗ್ಗೇನೇ ತೂಗಿದ್ಯಲ್ಲ!" ಎಂದ ನಾರ್ಬ್.

"ಬೆಳಿಗ್ಗೆ ಇವ್ರು ಉಂಡಿರ್ಲಿಲ್ಲ."

ತಕ್ಕಡಿ ನರಳಿತು. ಮಾರ್ಲಿಸ್ ಕೂಡಿದಳು, ಮತ್ತೆ ಕೂಡಿದಳು. "ಏಳು ಪೌಂಡ್ ಜಾಸ್ತಿ."

"ಸ್ವಲ್ಪ ಪೆಟ್ರೋಲ್ ತೆಗಿಯೋಕಾಗಲ್ವಾ?"

"ತೆಗೀಬಹುದು. ಆಮೇಲೆ ನಾನೂ ನಿಮ್ಜೊತೆ ಹಾರ್ಬೇಕಾಗತ್ತೆ."

ನಾರ್ಬ್ ಬೂಟು ಕಳಚಿದ. ಸ್ವೆಟರ್ ಕಳಚಿದ. ಜೇಬಿನಿಂದ ಕೀಲಿ, ಚಾಕು, ಸತ್ತುಹೋದ ಅಮ್ಮ ಕೊಟ್ಟಿದ್ದ ದಪ್ಪ ಗಡಿಯಾರ ಎಲ್ಲ ತೆಗೆದು ಹುಲ್ಲಿನ ಮೇಲಿಟ್ಟ.

"ಹಲ್ಲು ಕಟ್ಟಿಸಿದ್ದೀಯೇನೋ? ಅದನ್ನೂ ತೆಗಿ," ಎಂದ ಆಲ್ವಿನ್.

ಇನ್ನೂ ಎರಡು ಪೌಂಡ್ ಜಾಸ್ತಿಯೇ ಉಳಿಯಿತು.

"ಒಬ್ರು ಇಳೀಬೇಕು," ಎಂದಳು ಮಾರ್ಲಿಸ್.

ನಾರ್ಬ್ ಡೇಲ್‌ನತ್ತ ನೋಡಿದ. ಡೇಲ್ ಇಳಿದರೆ ರೂಡಿಯೂ ಇಳಿಯುತ್ತಾನೆ. ಉಳಿಯುವುದು ಇಬ್ಬರೇ, ವಿಮಾನ ಏಳುವುದಿಲ್ಲ. ಗಾರ್ಡಿಯತ್ತ ನೋಡಿದ. ಗಾರ್ಡಿ ಇಳಿದರೆ ಕಲಿಯುವವನು ಹತ್ತುವಂತಿಲ್ಲ. ಲೆಕ್ಕ ಎಲ್ಲಿಂದ ಶುರುಮಾಡಿದರೂ ಬಂದು ನಿಲ್ಲುತ್ತಿದ್ದುದು ಬರಿಗಾಲಲ್ಲಿ ನಿಂತಿದ್ದ ಒಂದು ಕುಂಬಳಕಾಯಿ ಬಣ್ಣದ ಅಂಗಿಯ ಹತ್ತಿರವೇ.

ಅವನು ಪ್ಯಾರಾಶೂಟಿನ ಪಟ್ಟಿಗಳನ್ನು ಬಿಚ್ಚತೊಡಗಿದ.

"ಬೇಜಾರ್ ಮಾಡ್ಕೋಬೇಡ ಕಣೋ," ಎಂದ ರೂಡಿ, ನಿಜವಾಗಿಯೂ ನೊಂದು. "ಊಟ ಮಾತ್ರ ಫಸ್ಟ್‌ಕ್ಲಾಸ್ ಇತ್ತು."

ಮಾರ್ಲಿಸ್ ನಾರ್ಬ್‌ನ ಟಿಕೆಟ್ ದುಡ್ಡನ್ನು ಮರಳಿ ಅವನ ಅಂಗೈಗೆ ತುರುಕಿ ವಿಮಾನ ಹತ್ತಿದಳು. ವಿಮಾನ ಹುಲ್ಲನ್ನು ಉಜ್ಜುತ್ತ ಉಜ್ಜುತ್ತ ಕೊನೆಗೆ ಮೇಲೆದ್ದು ಆ ನೀಲಿ ಕಿಂಡಿಯೊಳಗೆ ನುಗ್ಗಿತು. ನಾರ್ಬ್‌ನ ಇಡೀ ವಾರದ ಊಟ ಮೇಲೇರುತ್ತಿತ್ತು. ಅವನ ಪಾದ ತಣ್ಣನೆ ಹುಲ್ಲಿನಲ್ಲಿ ಮರಗಟ್ಟಿತ್ತು. ಮುಂದಿನ ಸಲ ಮತ್ತೆ ದುಪ್ಪಟ್ಟು, ಮತ್ತೆ ಹಿಂದಿನದೇ ಪಾಠ. ಐಡಹೊದ ಸೇತುವೆ ಇನ್ನಷ್ಟು ದೂರ ಸರಿದು ನಿಂತಿತು.

ಹಿಂದಿನಿಂದ ಕೋಲೂರುತ್ತ ಆಲ್ವಿನ್ ಬಂದ. ಸ್ವಲ್ಪ ಹೊತ್ತು ಅವನೂ ಆಕಾಶ ನೋಡಿದ. ಭುಜದ ಮೇಲೆ ಕೈಯಿಟ್ಟ. ಆ ಕೈ ಎಷ್ಟು ಬೆಚ್ಚಗಿತ್ತೆಂದರೆ ನಾರ್ಬ್‌ಗೆ ಅಳು ಬರುವಂತಾಯಿತು.

"ನಾರ್ಬ್, ಭಾರ ಜಾಸ್ತಿ ಅಂತ ನಿನ್ನ ಹಿಂದೆ ಯಾವತ್ತಾದ್ರೂ ಇಳಿಸಿದ್ರಾ?"

"ಇಲ್ಲ ಆಲ್ವಿನ್."

"ಹಂಗಾದ್ರೆ ಇದು ಮೊದಲ ಸಲ."

ನಾರ್ಬ್ ನಿಧಾನವಾಗಿ ತಿರುಗಿ ಅವನ ಮುಖ ನೋಡಿದ. ಆಲ್ವಿನ್ ಕಣ್ಣು ಮಿಟುಕಿಸಲಿಲ್ಲ.

ಮೂವರೂ ನೆಲಕ್ಕಿಳಿದು ಕೇಕೆ ಹಾಕುತ್ತ ಬರುವಷ್ಟರಲ್ಲಿ, ಟಿಕೆಟ್ ದುಡ್ಡಿನಲ್ಲಿ ಕೊಂಡ ಬಿಯರ್ ಪೆಟ್ಟಿಗೆಯನ್ನು ಹೊತ್ತು ನಾರ್ಬ್ ಅಂಗಡಿಯಿಂದ ಮರಳಿದ್ದ. ಕೈ ಸೋತು ಅದನ್ನು ಒಂದು ಕ್ಷಣ ಹಂದಿ ತಕ್ಕಡಿಯ ಮೇಲಿಟ್ಟ. ಮುಳ್ಳು ಇಪ್ಪತ್ತು ಪೌಂಡ್ ತೋರಿಸಿತು.

ಆ ಇಪ್ಪತ್ತು ಪೌಂಡ್ ಮುಂದಿನ ತಿಂಗಳು ಯಾರ ಹೊಟ್ಟೆಯೊಳಗೆ ಕೂತು ವಿಮಾನ ಹತ್ತುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.